ಲೆಂಟ್‌ನಲ್ಲಿ ತಂಬಾಕು ಬಿಡುವವರಿಗೆ ರವಿವಾರದ ವಿನಾಯಿತಿ ಬೇಡ

ಮಾನ್ಯ ಸಂಪಾದಕರೆ,

2026ರ ಫೆಬ್ರವರಿ 18ಕ್ಕೆ ಬೂದಿ ಬುಧವಾರ. ಕಥೋಲಿಕರು ತಪಸ್ಸು ಕಾಲ ಎನ್ನುವ, ಮೆಥೋಡಿಸ್ಟ್ ಸಭೆಗಳವರು ಲೆಂಟ್ ಎಂದೇ ಕರೆಯುವ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಅಂದಿನಿಂದ ಶುರು. ‘ಈ ಸಲ ಏನು ಬಿಡ್ತೀರಿ?’ ಎಂಬ ಮಾತು ಕಲಬುರಗಿ, ಬೀದರ್, ಯಾದಗಿರಿಯ ಕ್ರೈಸ್ತ ಮನೆಗಳಲ್ಲಿ ಈಗಾಗಲೇ ನಡೆದಿದೆ. ಮಾಂಸ, ಸಿಹಿ, ಚಹಾ, ಮೊಬೈಲ್ ಯಾವುದನ್ನು ಬಿಟ್ಟರೂ ಒಳ್ಳೆಯದೇ. ಆದರೆ ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಮೊದಲು ಬಿಡಬೇಕಾದದ್ದು ತಂಬಾಕು. ಅದನ್ನು ಬಿಡುವ ಕ್ರಮದಲ್ಲೇ ಒಂದು ತಪ್ಪಾಗುತ್ತಿದೆ.

ಬೂದಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನ, ಏಪ್ರಿಲ್ 4ರ ಶನಿವಾರದವರೆಗೆ ಎಣಿಸಿದರೆ 46 ದಿನ. ರವಿವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಆರು ರವಿವಾರ ಕಳೆದರೆ ನಲವತ್ತು. ಸಿಹಿ ಬಿಟ್ಟವರು ರವಿವಾರ ಒಂದು ಹೋಳಿಗೆ ತಿಂದರೆ ಏನೂ ಕೆಡುವುದಿಲ್ಲ. ತಂಬಾಕಿಗೆ ಈ ಲೆಕ್ಕ ಹಚ್ಚಬಾರದು. ನಿಕೋಟಿನ್ ನಿಂತಾಗ ಸಿಟ್ಟು, ನಿದ್ದೆಗೇಡು, ಚಡಪಡಿಕೆ ಅತಿ ಜೋರಾಗುವುದು ಎರಡನೇ, ಮೂರನೇ ದಿನ. ಬುಧವಾರ ಬಿಟ್ಟವರಿಗೆ ಗುರುವಾರ, ಶುಕ್ರವಾರವೇ ಕಷ್ಟದ ದಿನಗಳು. ಅಷ್ಟು ಕಷ್ಟ ದಾಟಿ ಐದನೇ ದಿನಕ್ಕೆ ಬಂದಾಗ ಮೊದಲ ರವಿವಾರ ಎದುರಾಗುತ್ತದೆ. ‘ಇವತ್ತು ನಡೀತದ’ ಎಂದು ಒಂದು ಚಿಟಿಕೆ ಬಾಯಿಗೆ ಬಿದ್ದರೆ ಮಿದುಳಿನ ಬಯಕೆ ಮತ್ತೆ ಎದ್ದು ಕೂಡುತ್ತದೆ, ಸೋಮವಾರ ಬಿಟ್ಟೇನೆಂದರೂ ಬಿಡದು. ಈ ಚಡಪಡಿಕೆ ಸಾಮಾನ್ಯವಾಗಿ ಮೂರು-ನಾಲ್ಕು ವಾರಗಳಲ್ಲಿ ಇಳಿಯುತ್ತದೆ; ಆರೂವರೆ ವಾರದ ಲೆಂಟ್ ಅದಕ್ಕೆ ಧಾರಾಳವಾಗಿ ಸಾಕು. ಆದ್ದರಿಂದ ತಂಬಾಕಿನವರು 40 ಅಲ್ಲ, 46 ದಿನ ಎಣಿಸಬೇಕು.

ಅಂಗೈಯಲ್ಲಿ ತಂಬಾಕು ಹಾಕಿ, ಉಗುರ ತುದಿಯಷ್ಟು ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ಕೆಳತುಟಿಯ ಒಳಗೆ ಇಡುವುದು ಇಲ್ಲಿ ಎಷ್ಟು ರೂಢಿಯೆಂದರೆ ಕೈ ತನ್ನಷ್ಟಕ್ಕೇ ಜೇಬಿಗೆ ಹೋಗುತ್ತದೆ. ಸುಣ್ಣ ಬರೀ ರುಚಿಗಲ್ಲ. ಅದರ ಕ್ಷಾರದಿಂದ ನಿಕೋಟಿನ್ ಬೇಗ ಬಿಡುಗಡೆಯಾಗಿ ರಕ್ತಕ್ಕೆ ಸೇರುತ್ತದೆ. ಚಟ ಇಷ್ಟು ಗಟ್ಟಿಯಾಗುವುದು ಅದಕ್ಕೇ. ಹಲ್ಲಿಗೆ ಮಿಶ್ರಿ ಉಜ್ಜುವ ತಾಯಂದಿರು ಅದನ್ನು ತಂಬಾಕೆಂದೇ ಎಣಿಸುವುದಿಲ್ಲ. ಅದು ಸುಟ್ಟ ತಂಬಾಕಿನ ಪುಡಿಯೇ, ಅದನ್ನೂ ಬಿಡಬೇಕು.

17ರ ಮಂಗಳವಾರ ರಾತ್ರಿಯೇ ಸುಣ್ಣದ ಡಬ್ಬಿ, ತಂಬಾಕಿನ ಚೀಟಿಗಳನ್ನು ಅಂಗಿಯ ಜೇಬು, ಗಾಡಿಯ ಡಿಕ್ಕಿ, ದಿಂಬಿನ ಕೆಳಗಿನಿಂದ ಹುಡುಕಿ ತೆಗೆದು ಎಸೆಯಿರಿ. ಬಯಕೆ ಎದ್ದಾಗ ಐದು-ಹತ್ತು ನಿಮಿಷ ತಡೆದರೆ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಬಡೇಸೋಪು, ಲವಂಗ, ಅಜವಾನ ಕೈಗೆ ಸಿಗುವಂತಿರಲಿ. ಗುಟ್ಕಾ ಬಿಟ್ಟೆವೆಂದು ಮೀಠಾ ಸುಪಾರಿಗೆ ಹೋಗುವವರು ಬಹಳ ಜನ. ಅಡಿಕೆಯೂ ಬಾಯಿ ಕ್ಯಾನ್ಸರ್‌ಗೆ ಕಾರಣವೆಂದು ಸಾಬೀತಾಗಿದೆ, ಆ ದಾರಿ ಬೇಡ. ತಡೆಯಲಾಗದವರು ಔಷಧ ಅಂಗಡಿಯಲ್ಲಿ ಸಿಗುವ 2 ಮಿಲಿಗ್ರಾಂ ನಿಕೋಟಿನ್ ಗಮ್ ಬಳಸಬಹುದು. ಅದನ್ನು ಚೂಯಿಂಗ್ ಗಮ್‌ನಂತೆ ಅಗಿಯುತ್ತ ಕೂತರೆ ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಆಗುತ್ತದೆ. ನಿಧಾನ ಅಗಿದು, ಖಾರ ಹತ್ತಿದ ಕೂಡಲೇ ದವಡೆಯ ಪಕ್ಕಕ್ಕಿಟ್ಟು, ಖಾರ ಕಡಿಮೆಯಾದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಗಮ್‌ಗೆ ಹದಿನೈದು ನಿಮಿಷ ಮೊದಲು ಚಹಾ ಕುಡಿದಿದ್ದರೆ ಅದು ಸರಿಯಾಗಿ ಕೆಲಸ ಮಾಡದು. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಲಿ. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯದಿದ್ದರೆ ಈಸ್ಟರ್‌ವರೆಗೆ ಕಾಯದೆ ದಂತವೈದ್ಯರ ಬಳಿ ಹೋಗಬೇಕು.

ಚಹಾ ಬಿಡುವವರು ಇಂದಿನಿಂದಲೇ ಇಳಿಸುತ್ತ ಬರಬೇಕು. ನಾಲ್ಕು ಕಪ್ಪಿನವರು ಎರಡು ದಿನ ಮೂರು, ಮತ್ತೆರಡು ದಿನ ಎರಡು, ಆಮೇಲೆ ಒಂದು. ಒಮ್ಮೆಲೇ ಬಿಟ್ಟರೆ ಮರುದಿನದೊಳಗೆ ತಲೆ ಸಿಡಿಯುತ್ತದೆ, ಆ ನೋವು ಎರಡರಿಂದ ಒಂಬತ್ತು ದಿನ ಇರಬಹುದು. ತಲೆನೋವಿನ ಕೆಲವು ಗುಳಿಗೆಗಳಲ್ಲೂ ಚಹಾದಲ್ಲಿರುವ ಕೆಫೀನೇ ಇರುತ್ತದೆ, ಪೊಟ್ಟಣದ ಮೇಲೆ ಬರೆದದ್ದನ್ನು ಓದಿ ನುಂಗಿ. ಮಾಂಸದ ಬಗ್ಗೆ ಹೆಚ್ಚು ಹೇಳುವುದು ಬೇಕಿಲ್ಲ: ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ತೊಗರಿಬೇಳೆ ಇರುವ ನಾಡಿನಲ್ಲಿ ಮಾಂಸ ಬಿಡುವ ಶುಕ್ರವಾರ ಕಷ್ಟವೇ ಅಲ್ಲ. ಮಾಂಸದ ಬದಲು ಪನೀರ್ ಮಸಾಲಾ, ಪಲಾವ್ ಮಾಡಿದರೆ ಮಾತ್ರ ಬಿಟ್ಟದ್ದಕ್ಕೆ ಅರ್ಥವಿಲ್ಲ.

ನೀರನ್ನು ಬಿಡಬೇಡಿ. ಈ ವರ್ಷ ಅದೇ ವಾರ ರಮ್ಜಾನ್ ಕೂಡ ಶುರುವಾಗುವುದರಿಂದ ಪಕ್ಕದ ಮನೆಯ ರೋಜಾ ನೋಡಿ ನಮ್ಮವರೂ ನೀರು ಬಿಡಲು ಹೋಗುತ್ತಾರೆ. ಲೆಂಟ್‌ನಲ್ಲಿ ಅಂಥ ನಿಯಮವಿಲ್ಲ. ಕಥೋಲಿಕರಿಗೆ ಕಡ್ಡಾಯ ಉಪವಾಸ ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ: ಒಂದು ಪೂರ್ತಿ ಊಟ, ಮತ್ತೆರಡು ಹೊತ್ತು ಅಲ್ಪಾಹಾರ. ಅದೂ 18 ತುಂಬಿದವರಿಂದ 60ರೊಳಗಿನವರಿಗೆ, ರೋಗಿಗಳಿಗೆ ಇಲ್ಲ. ಏಪ್ರಿಲ್ 3ರ ಶುಭ ಶುಕ್ರವಾರ ಮಧ್ಯಾಹ್ನ ಮೂರು ತಾಸಿನ ಆರಾಧನೆ, ಹೊರಗೆ ನಮ್ಮ ಕಡೆಯ ಬಿಸಿಲು. ಬಾಟಲಿಯಲ್ಲಿ ನೀರು, ಉಪ್ಪು ಹಾಕಿದ ಮಜ್ಜಿಗೆ ಇಟ್ಟುಕೊಂಡು ಹೋಗಿ. ಇನ್ಸುಲಿನ್, ಗ್ಲಿಮಿಪಿರೈಡ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರು ಊಟ ಬಿಟ್ಟರೆ ಸಕ್ಕರೆ ದಿಢೀರ್ ಇಳಿದು ಬೆವರಿ ಬೀಳಬಹುದು. ಅವರು ಉಪವಾಸದ ಬದಲು ಬೇರೆ ಏನಾದರೂ ಬಿಡಲಿ.

ಬಿಟ್ಟದ್ದರ ಹಣವನ್ನು ದಿನದಿನವೇ ಡಬ್ಬಿಗೆ ಹಾಕಿ. ದಿನಕ್ಕೆ ತಂಬಾಕಿನ 10 ರೂಪಾಯಿಯ ಆರು ಚೀಟಿ ಬಿಟ್ಟರೆ 46 ದಿನಕ್ಕೆ 2,760 ರೂಪಾಯಿ. ಹಸಿದವರಿಗೆ ಅನ್ನ ಹಂಚುವುದೇ ಉಪವಾಸ ಎಂದು ಬೈಬಲ್‌ನ ಯೆಶಾಯನ ಗ್ರಂಥದ 58ನೇ ಅಧ್ಯಾಯ ಹೇಳುತ್ತದೆ. ಲೆಕ್ಕವನ್ನು ಕೊನೆಗೆ ಮಾಡೋಣ ಎಂದರೆ ಹಣ ಅಷ್ಟರಲ್ಲಿ ಮನೆಖರ್ಚಿಗೆ ಕರಗಿರುತ್ತದೆ.

ಸಭಾಪಾಲಕರಲ್ಲಿ, ಫಾದರ್‌ಗಳಲ್ಲಿ ಒಂದೇ ಕೋರಿಕೆ. 15ರ ರವಿವಾರ ಪ್ರಕಟಣೆ ಓದುವಾಗ ತಂಬಾಕು ಬಿಡುವವರಿಗಾಗಿ ಇರುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಅನ್ನು ಎರಡು ಸಲ ಓದಿ ಹೇಳಿ, ಬಾಗಿಲ ಬಳಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

– ಸಭೆಯೊಂದರ ಸದಸ್ಯರು, ಕಲಬುರಗಿ