ತಂಡ ಬದಲಾದ ವರ್ಷ ಸ್ಕಿಟ್ ಬರೆಯುವವಳಿಗೆ

ತಂಗೀ,

ಹಳೇ ನಟರೆಲ್ಲ ಬಿಟ್ಟುಹೋದ ಕಾಮಿಡಿ ಶೋಗೆ ಏನು ಬರೆಯಲಿ ಅಂತ ಕೇಳಿದ್ದೀಯ. ಅಮೆರಿಕದ ಟಿವಿ ಕಾಮಿಡಿ ಶೋ ‘ಸ್ಯಾಟರ್ಡೇ ನೈಟ್ ಲೈವ್’ನ 11ನೇ ಸೀಸನ್ (1985-86) ಹುಡುಕಿ ನೋಡು. ಚೆನ್ನಾಗಿದೆ ಅಂತಲ್ಲ, ಎಡವಿದ್ದೆಲ್ಲಿ ಅಂತ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತೆ.

ಆ ಶೋ ಹುಟ್ಟುಹಾಕಿ, ಐದು ವರ್ಷ ಹೊರಗಿದ್ದ ನಿರ್ಮಾಪಕ ಲಾರ್ನ್ ಮೈಕಲ್ಸ್ ಆಗ ವಾಪಸ್ ಬಂದು ಹೊಸಬರ ತಂಡ ಕಟ್ಟಿದರು. ರಾಬರ್ಟ್ ಡೌನಿ ಜೂನಿಯರ್, ರ‍್ಯಾಂಡಿ ಕ್ವೇಡ್, ಜೋನ್ ಕ್ಯುಸ್ಯಾಕ್, ಹದಿನೇಳರ ಹುಡುಗ ಆಂಟನಿ ಮೈಕಲ್ ಹಾಲ್. ಸಿನಿಮಾದಲ್ಲಿ ಗಟ್ಟಿಗರೇ. ಆದರೆ ಸ್ಕಿಟ್ ಬೇರೆ ಕಸುಬು. ಐದು ನಿಮಿಷದಲ್ಲಿ ಆಟ ಮುಗಿಯುವಾಗ, ಪಾತ್ರದ ಚಾಳಿ ಮೊದಲ ಅರ್ಧ ನಿಮಿಷಕ್ಕೇ ಜನರ ಕೈಗೆ ಸಿಗಬೇಕು.

ಅದೇ ತಂಡದ ಜಾನ್ ಲೊವಿಟ್ಜ್ ಮಾಡಿದ ಸುಳ್ಳುಬುರುಕನನ್ನು ನೋಡು. ಒಂದು ಸುಳ್ಳು ಶುರುಮಾಡ್ತಾನೆ, ತಡವರಿಸ್ತಾನೆ, ಇನ್ನೂ ದೊಡ್ಡದೊಂದು ಹೊಳೆದ ಕೂಡಲೇ ಮುಖ ಅರಳುತ್ತೆ. ನಗು ಇರೋದು ಆ ತಡವರಿಕೆಯಲ್ಲಿ. ಹಾಳೆ ತುಂಬ ಮಾತು ತುರುಕಿದರೆ ನಟನಿಗೆ ತಡವರಿಸೋಕೆ ಜಾಗ ಎಲ್ಲಿ?

ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಅಂತ ಲೆಕ್ಕ ಇಟ್ಕೋ. ಆ ಶೋನಲ್ಲಿ ಬುಧವಾರ ಎಲ್ಲರೂ ಕೂತು ನಲವತ್ತರಷ್ಟು ಸ್ಕಿಟ್ ಓದ್ತಾರೆ. ಶನಿವಾರ ರಾತ್ರಿ ಎಂಟಕ್ಕೆ ಪ್ರೇಕ್ಷಕರ ಮುಂದೆ ಡ್ರೆಸ್ ರಿಹರ್ಸಲ್, ಹನ್ನೊಂದೂವರೆಗೆ ನೇರ ಪ್ರಸಾರ. ನಡುವೆ ಕತ್ತರಿ ಆಡುತ್ತೆ. ಅದಕ್ಕೇ ಮಧ್ಯದಲ್ಲಿ ಒಂದು ಪುಟ ಕಿತ್ತರೂ ಕೊನೆಯ ಪಂಚ್ ಕೂರುವ ಹಾಗೆ ಬರಿ. ಪಂಚ್‌ಗೆ ಬೇಕಾದ ಸುಳಿವನ್ನು ಮೂರನೇ ಪುಟದಲ್ಲಿ ಬಚ್ಚಿಟ್ಟರೆ ಆ ಪುಟದ ಜೊತೆ ಪಂಚೂ ಹೋಗುತ್ತೆ.

ಹೊಸಬರಿಗೆ ಬರೀ ಪೊಲೀಸು, ವೇಟರು ಕೊಡಬೇಡ. ಅದೇ ಸೀಸನ್ನಿನಲ್ಲಿ ಡೇಮನ್ ವೇಯನ್ಸ್‌ಗೆ ಸಿಕ್ಕ ಪೊಲೀಸ್ ಪಾತ್ರ ಅಂಥದ್ದೇ. ನೇರ ಪ್ರಸಾರದಲ್ಲಿ ಹೇಳದೆ ಕೇಳದೆ ಬೇರೆ ದನಿಯಲ್ಲಿ ಆಡಿ ಕೆಲಸ ಕಳ್ಕೊಂಡರು. ತಪ್ಪು ಅವರದೇ, ಆದರೂ ಇಡೀ ವಾರ ಎರಡು ಸಾಲಿಗಾಗಿ ಕಾದವನ ಸಂಕಟ ಬರಹಗಾರರಿಗೂ ಗೊತ್ತಿರಬೇಕು.

ಆ ಸೀಸನ್ನಿನ ಕೊನೆಯ ಕಂತಿನಲ್ಲಿ ತಂಡವಿದ್ದ ಕೋಣೆಗೆ ಬೆಂಕಿ ಬಿದ್ದಂತೆ ತೋರಿಸಿ, ಮೈಕಲ್ಸ್ ಲೊವಿಟ್ಜ್ ಒಬ್ಬರನ್ನೇ ಕರೆದೊಯ್ಯುತ್ತಾರೆ! (ನಿಜದಲ್ಲಿ ನೋರಾ ಡನ್, ಡೆನಿಸ್ ಮಿಲ್ಲರ್ ಕೂಡ ತಂಡದಲ್ಲಿ ಉಳಿದರು.) 1986ರ ಅಕ್ಟೋಬರ್‌ಗೆ ಮುಂದಿನ ಸೀಸನ್ ಶುರುವಾದಾಗ ಫಿಲ್ ಹಾರ್ಟ್‌ಮನ್, ಜ್ಯಾನ್ ಹುಕ್ಸ್, ಡೇನಾ ಕಾರ್ವಿ ಬಂದರು. ಕಾರ್ವಿಯ ‘ಚರ್ಚ್ ಲೇಡಿ’ ಅನ್ನೋ ಮಡಿವಂತ ಹೆಂಗಸಿನ ಪಾತ್ರ ಮೊದಲ ಕಂತಿನಲ್ಲೇ ನಿಂತಿತು, ಯಾಕಂದ್ರೆ ಸ್ಟ್ಯಾಂಡಪ್ ವೇದಿಕೆಯಲ್ಲಿ ಅದನ್ನು ಆಗಲೇ ಪಳಗಿಸಿಕೊಂಡಿದ್ದರು.

ಹಾಗಾಗಿ ಲ್ಯಾಪ್‌ಟಾಪ್ ತೆರೆಯೋ ಮುಂಚೆ ನಿಮ್ಮ ಹೊಸ ನಟರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳು: ಮನೆಯವರನ್ನು ನಗಿಸೋಕೆ ಯಾರ ಹಾಗೆ ಆಡಿ ತೋರಿಸ್ತೀರಿ?