ಜಮೀನಿಗೆ ಸಹಿ ಹಾಕುವ ಮುಂಚೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಕಳಿಸಿದ ನಕ್ಷೆ ನೋಡಿದೆ. ಹತ್ತಾರು ಕುಟುಂಬ ಸೇರಿ ಅಕ್ಕಪಕ್ಕ ಮನೆ ಕಟ್ಟಿಕೊಳ್ಳುವುದು, ನಡುವೆ ಎಲ್ಲರಿಗೂ ಸೇರಿದ ಒಂದು ಮನೆ, ಅಲ್ಲಿ ಆಗಾಗ ಒಟ್ಟಿಗೆ ಊಟ. ನಿಮ್ಮ ಈ ಯೋಚನೆಯ ಬಗ್ಗೆ ನನಗೆ ತಕರಾರಿಲ್ಲ. ನಿಮ್ಮಪ್ಪನಿಗಿದೆ, ಅದನ್ನು ಅವರೇ ಬರೆಯಲಿ. ನನ್ನ ಚಿಂತೆ ಜಮೀನಿನ ಆತುರದ್ದು. ಮಾಲೀಕರು ಪೂರ್ತಿ ದುಡ್ಡಿಗೆ ಅವಸರ ಮಾಡುತ್ತಿದ್ದಾರೆ, ನಿಮ್ಮಲ್ಲಿ ಅನುಕೂಲಸ್ಥರೊಬ್ಬರು ‘ಸದ್ಯಕ್ಕೆ ನನ್ನ ಹೆಸರಿಗೇ ಮಾಡಿಸಿಕೊಂಡಿರುತ್ತೇನೆ, ಆಮೇಲೆ ಎಲ್ಲರ ಹೆಸರಿಗೆ ಹಾಕೋಣ’ ಅಂದಿದ್ದಾರೆ ಅಂತ ಬರೆದಿದ್ದೀಯ. ಅದು ಬೇಡ.

ಅವರು ಒಳ್ಳೆಯವರೇ ಇರಬಹುದು. ಆದರೆ ಅವರಿಗೆ ನಾಳೆ ಏನಾದರೂ ಆದರೆ ಜಮೀನು ವಾರಸುದಾರರ ಪಾಲು. ವ್ಯಾಪಾರ ಕೈಕೊಟ್ಟರೆ ಸಾಲ ಕೊಟ್ಟವರು ಮೊದಲು ಕಣ್ಣು ಹಾಕುವುದು ಅದರ ಮೇಲೆ. ಗಂಡ ಹೆಂಡತಿ ಬೇರೆಯಾದರೆ ಅದರ ಮೇಲೂ ತಗಾದೆ ಬರಬಹುದು. ಇದೇನೂ ಆಗಲಿಲ್ಲ ಅಂತಲೇ ಇಟ್ಟುಕೋ, ಮತ್ತೊಮ್ಮೆ ಎಲ್ಲರ ಹೆಸರಿಗೆ ವರ್ಗ ಮಾಡುವಾಗ ನೋಂದಣಿ ಖರ್ಚು ಎರಡನೇ ಸಲ. ಅದಕ್ಕಿಂತ ದೊಡ್ಡ ಪೇಚಾಟ ಬೇರೆ ಇದೆ: ಸಭೆಯಲ್ಲಿ ಎಲ್ಲರೂ ಸಮಾನರು ಅಂತ ಕೂತಿರುತ್ತೀರಿ, ಒಬ್ಬರು ಮಾತ್ರ ನೆಲದ ಒಡೆಯರು. ಅವರ ಮಾತಿಗೆ ಯಾರೂ ಎದುರಾಡುವುದಿಲ್ಲ. ಮೊದಲು ಒಂದು ಸಹಕಾರ ಸಂಘವನ್ನೋ ಕಂಪನಿಯನ್ನೋ ಮಾಡಿಕೊಳ್ಳಿ. ಯಾವುದು ಸರಿ ಅನ್ನುವುದು ಕಾನೂನು ಬಲ್ಲವರಿಗೆ ಬಿಟ್ಟದ್ದು. ಜಮೀನಿನ ಕಾಗದದಲ್ಲಿ ಬರುವ ಹೆಸರು ಅದರದ್ದಾಗಿರಲಿ.

ಈಗ ನಿಮಗೆ ಬೇಕಾಗಿರುವುದು ಜಮೀನಲ್ಲ, ಸಮಯ. ಅದನ್ನು ದುಡ್ಡು ಕೊಟ್ಟು ಪಡೆಯಬಹುದು. ಆಪ್ಶನ್ ಕರಾರು ಅಂತ ಇರುತ್ತದೆ. ಸಣ್ಣದೊಂದು ಮೊತ್ತ ಕೊಟ್ಟರೆ, ಗೊತ್ತು ಮಾಡಿದ ಅವಧಿಯವರೆಗೆ ಮಾಲೀಕರು ಬೇರೆಯವರಿಗೆ ಮಾರುವಂತಿಲ್ಲ. ನೀವು ಕೊಳ್ಳಬಹುದು, ಬಿಡಲೂಬಹುದು. ಬಿಟ್ಟರೆ ಆ ಸಣ್ಣ ಮೊತ್ತ ಹೋಗುತ್ತದೆ, ಅಷ್ಟೇ. ಇನ್ನೊಂದು ದಾರಿ, ಷರತ್ತಿನ ಮೇಲೆ ಮಾರಾಟದ ಕರಾರು: ಕಟ್ಟಲು ಅನುಮತಿ ಸಿಗಬೇಕು, ಮಣ್ಣು ಕಟ್ಟಡದ ಭಾರ ತಡೆಯಬೇಕು, ಹಕ್ಕು ಚೊಕ್ಕವಾಗಿರಬೇಕು, ಬ್ಯಾಂಕ್ ಸಾಲ ಮಂಜೂರಾಗಬೇಕು. ಇದರಲ್ಲಿ ಒಂದು ತಪ್ಪಿದರೂ ಮುಂಗಡ ವಾಪಸ್ ಅಂತ ಬರವಣಿಗೆಯಲ್ಲಿರಬೇಕು. ಅವಧಿ ಮುಂದುವರಿಸಬೇಕಾದರೆ ಎಷ್ಟು ಕೊಡಬೇಕು ಅನ್ನುವುದನ್ನೂ ಈಗಲೇ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಬೆಲೆ ಅವರು ಹೇಳಿದ್ದೇ. ಇದಕ್ಕೆ ಯಾವುದಕ್ಕೂ ಒಪ್ಪದ ಮಾಲೀಕರ ಜಮೀನು ಎಷ್ಟೇ ಚೆಂದ ಇದ್ದರೂ ನನ್ನ ಮಟ್ಟಿಗೆ ಅದು ನಿಮಗೆ ಸಲ್ಲದ ಜಮೀನು.

ಡೆನ್ಮಾರ್ಕಿನಲ್ಲಿ ಇಂಥ ವಸತಿಯನ್ನು ಮೊದಲು ಯೋಚಿಸಿದವರ ಕಥೆ ನಿನಗೂ ಗೊತ್ತಿರಬೇಕು. ಯಾನ್ ಗುಡ್ಮಂಡ್ ಹೊಯರ್ ಎಂಬ ವಾಸ್ತುಶಿಲ್ಪಿ 1964ರಲ್ಲಿ ಗೆಳೆಯರ ಜೊತೆ ಕೂತು ಲೆಕ್ಕ ಹಾಕಿ, ಕೋಪನ್‌ಹೇಗನ್ ಹೊರವಲಯದ ಹಾರೆಸ್ಕೊವ್‌ನಲ್ಲಿ ಜಾಗ ಕೊಂಡರು. ನೆರೆಯವರು ಒಪ್ಪಲಿಲ್ಲ, ಮಕ್ಕಳ ಗಲಾಟೆ ಹೆಚ್ಚಾಗುತ್ತದೆ ಅಂದರು. ಕೊನೆಗೆ ಕೊಂಡ ಜಾಗವನ್ನೇ ಮಾರಬೇಕಾಯಿತು. ಆ ಚಿಂತನೆ ಮನೆಗಳಾಗಿ ನಿಂತದ್ದು 1972ರಲ್ಲಿ, ಸೆಟ್ಟೆಡಾಮೆನ್ ಎಂಬಲ್ಲಿ, 27 ಕುಟುಂಬಗಳಿಗೆ. ಮರುವರ್ಷ ಸ್ಕ್ರೋಪ್ಲಾನೆಟ್‌ನಲ್ಲಿ 33 ಮನೆ. ಮೊದಲ ಜಮೀನಿನಿಂದ ಮೊದಲ ಮನೆಗೆ ಅಷ್ಟು ವರ್ಷ. ಹಾಗಾಗಿ ಅರ್ಜಿ ಹಾಕುವ ಮುಂಚೆಯೇ ಸುತ್ತಲಿನವರ ಮನೆ ಬಾಗಿಲಿಗೆ ಹೋಗಿ ಬನ್ನಿ. ಕಾರುಗಳು ಎಲ್ಲಿ ನಿಲ್ಲುತ್ತವೆ, ನೀರು ಎಲ್ಲಿಗೆ ಹರಿಯುತ್ತದೆ ಅನ್ನುವುದನ್ನು ಅವರು ನಿಮ್ಮ ಬಾಯಿಂದಲೇ ಕೇಳಲಿ. ನೋಟಿಸು ಓದಿ ತಿಳಿದವರು ಸೀದಾ ಆಕ್ಷೇಪಣೆ ಬರೆಯಲು ಕೂರುತ್ತಾರೆ.

ಇನ್ನು ನನ್ನ ಕಸುಬಿನ ಮಾತು. ಸರ್ವೆಯಲ್ಲಿ ಇಷ್ಟು ವರ್ಷ ಕಳೆದವಳು ನಾನು, ಬೇಲಿಯನ್ನು ನಂಬುವುದಿಲ್ಲ. ಗಡಿಕಲ್ಲಿನ ಬುಡ ನೋಡು. ಹಳೆಯ ಕಲ್ಲಿನ ಮೇಲೆ ನೆಲದ ಮಟ್ಟದವರೆಗೆ ಹಾವಸೆ ಕಟ್ಟಿರುತ್ತದೆ, ಮಣ್ಣೊಳಗಿನ ಭಾಗ ಬೋಳಾಗಿರುತ್ತದೆ. ಆ ಗೆರೆ ನೆಲಕ್ಕಿಂತ ಮೇಲೆ ಕಂಡರೆ, ಅಥವಾ ಹಾವಸೆಯೇ ಮಣ್ಣಿನೊಳಕ್ಕೆ ಇಳಿದಿದ್ದರೆ, ಕಲ್ಲು ಕಿತ್ತು ನೆಟ್ಟಿರುವ ಅನುಮಾನ ಬರಬೇಕು; ಸುತ್ತಲ ಮಣ್ಣು ಕೊಚ್ಚಿಹೋಗಿಯೂ ಇರಬಹುದು, ಅಳೆದರೆ ಗೊತ್ತಾಗುತ್ತದೆ. ನೀನು ಕಳಿಸಿದ ನಕ್ಷೆಯಲ್ಲಿ ರಸ್ತೆಗೂ ಜಮೀನಿಗೂ ನಡುವೆ ಒಂದು ತೆಳ್ಳನೆ ಪಟ್ಟಿ ಇದೆ, ಬಣ್ಣ ಬೇರೆ. ಅದು ಯಾರದ್ದು? ಅದರ ಮೇಲೆ ಓಡಾಡುವ ಹಕ್ಕು ಕಾಗದದಲ್ಲಿ ಇದೆಯೋ, ಬರೀ ರೂಢಿಯಲ್ಲಿದೆಯೋ? ಇದು ಬಗೆಹರಿಯದೆ ಒಂದು ಕಾಸೂ ಕೊಡಬೇಡ. ಕಾರುಗಳನ್ನು ಅಂಚಿಗೆ ನಿಲ್ಲಿಸಿ ಒಳಗೆಲ್ಲ ನಡೆದೇ ಓಡಾಡುವುದು ನಿಮ್ಮ ಆಸೆ. ಆದರೂ ಬೆಂಕಿ ಆರಿಸುವ ವಾಹನ ಪ್ರತಿ ಮನೆಯ ಹತ್ತಿರಕ್ಕೂ ಬರಲೇಬೇಕು. ಮಳೆ ಸುರಿಯುವಾಗ ಒಮ್ಮೆ ಹೋಗಿ ನಿಂತು ನೋಡು, ಆ ಇಳಿಜಾರಿನ ಕೆಳಗೆ ಎಷ್ಟು ಜಾಗ ಕಟ್ಟಲು ಉಳಿಯುತ್ತದೆ ಅಂತ. ಕಾಗದದ ವಿಸ್ತೀರ್ಣದಲ್ಲಿ ಇಳಿಜಾರು, ನೀರಿನ ಹಾದಿ, ಗಡಿಯಿಂದ ಬಿಡಬೇಕಾದ ಜಾಗ ಎಲ್ಲ ಕಳೆದ ಮೇಲೆ ಉಳಿದದ್ದೇ ನಿಮ್ಮ ಜಮೀನು. ದೂರದ ದೊಡ್ಡ ಜಾಗಕ್ಕಿಂತ ಬಸ್ಸು ಹತ್ತಿರವಿರುವ ಚಿಕ್ಕ ಜಾಗ ವಾಸಿ ಅಂತ ನನಗನ್ನಿಸುತ್ತದೆ. ನೀವೆಲ್ಲ ಒಂದು ದಿನ ಮುದುಕರಾಗುತ್ತೀರಿ.

ದುಡ್ಡಿನ ವಿಷಯದಲ್ಲಿ ಮುಜುಗರ ಬೇಡ. ಮೊದಲು ಹಾಕುವ ದುಡ್ಡು ಸರ್ವೆ, ಮಣ್ಣು ಪರೀಕ್ಷೆ, ವಕೀಲರಿಗೆ ಹೋಗುತ್ತದೆ, ಮರಳಿ ಬರದೇ ಇರಬಹುದು. ಮುಳುಗಿದರೆ ಅಳದಷ್ಟನ್ನೇ ಪ್ರತಿಯೊಬ್ಬರೂ ಹಾಕಲಿ. ನಡುವೆ ಬಿಟ್ಟುಹೋಗುವವರು ಇದ್ದೇ ಇರುತ್ತಾರೆ. ಅವರ ಪಾಲನ್ನು ಹೊಸಬರು ಸೇರಿದ ಮೇಲೆ ಕೊಡುವುದು ಅಂತ ಮೊದಲೇ ಬರೆದಿಟ್ಟರೆ ಸಂಘದ ಖಜಾನೆ ಒಮ್ಮೆಗೇ ಬರಿದಾಗುವುದಿಲ್ಲ. ಇನ್ನೊಂದು, ಎಲ್ಲರೂ ಒಪ್ಪುವವರೆಗೆ ಚರ್ಚಿಸುವುದು ನಿಮ್ಮ ಪದ್ಧತಿ. ಮಾರುವವರು ಅಷ್ಟು ದಿನ ಕಾಯುವುದಿಲ್ಲ. ಎಂಥ ಜಾಗ, ಎಷ್ಟರವರೆಗೆ ಬೆಲೆ ಅಂತ ಮೊದಲೇ ತೀರ್ಮಾನಿಸಿ, ಆ ಮಿತಿಯೊಳಗೆ ಮಾತಾಡುವ ಅಧಿಕಾರವನ್ನು ಮೂರು ಜನರಿಗೆ ಕೊಟ್ಟುಬಿಡಿ.

ಸಾಲದ ಬಗ್ಗೆ ಒಂದು ಮಾತು. ಅಮೆರಿಕದ ಜಾರ್ಜಿಯಾದಲ್ಲಿ 1969ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು ಕಪ್ಪು ರೈತರಿಗಾಗಿ ನ್ಯೂ ಕಮ್ಯುನಿಟೀಸ್ ಎಂಬ ಸಂಸ್ಥೆ ಕಟ್ಟಿ ಸುಮಾರು 5,700 ಎಕರೆ ಹಿಡಿದರು. ಸಮುದಾಯದ ಟ್ರಸ್ಟ್ ನೆಲವನ್ನು ತನ್ನಲ್ಲೇ ಇಟ್ಟುಕೊಂಡು ಜನರಿಗೆ ದೀರ್ಘಾವಧಿ ಗೇಣಿಗೆ ಕೊಡುವ ಪದ್ಧತಿಗೆ ಅದು ಮಾದರಿಯಾಯಿತು. ಬರ ಬಂದಾಗ ಸರ್ಕಾರಿ ಸಾಲ ಸಕಾಲಕ್ಕೆ ಸಿಗದೆ 1985ರಲ್ಲಿ ಆ ನೆಲವೇ ಕೈಬಿಟ್ಟುಹೋಯಿತು. ಅವರ ಕಾಗದ ಸರಿಯಾಗಿತ್ತು, ಕಂತು ಕಟ್ಟಲು ಕೈಯಲ್ಲಿ ದುಡ್ಡಿರಲಿಲ್ಲ. ಕಟ್ಟಡ ಶುರುವಾಗುವ ಮುಂಚಿನ ಖಾಲಿ ವರ್ಷಗಳಲ್ಲಿ ಬಡ್ಡಿ, ತೆರಿಗೆ ಯಾರು ಕಟ್ಟುತ್ತಾರೆ ಅನ್ನುವ ಲೆಕ್ಕ ನಿಮ್ಮ ಹಾಳೆಯಲ್ಲಿ ನನಗೆ ಕಾಣಲಿಲ್ಲ.

ಕರಾರಿನ ಕರಡು ಸಿದ್ಧವಾದಾಗ ನಿಮ್ಮ ವಕೀಲರು ನೋಡಲಿ, ಆಮೇಲೆ ನನಗೂ ಕಳಿಸು. ಚೆಕ್ಕುಬಂದಿಯ, ಅಂದರೆ ನಾಲ್ಕೂ ದಿಕ್ಕಿನ ಗಡಿ ಹೇಳುವ ಸಾಲುಗಳನ್ನು ಮಾತ್ರ ನಾನೇ ಓದುತ್ತೇನೆ. ಆ ಬೇರೆ ಬಣ್ಣದ ಪಟ್ಟಿಯ ಸರ್ವೆ ನಂಬರು ಸಿಕ್ಕರೆ ಇವತ್ತೇ ತಿಳಿಸು.

ನಿನ್ನ ಅಮ್ಮ