ಭಟ್ಟಿ ಹಚ್ಚುವ ದಿನ ಬೇರೆ ಇರಲಿ

ಚಿ. ತಮ್ಮನಿಗೆ ಬೆಳಗಾವಿಯಿಂದ ನಿನ್ನ ಕಾಕಾನ ಆಶೀರ್ವಾದಗಳು. ಇಲ್ಲಿ ಎಲ್ಲ ಕ್ಷೇಮ.

ಡಾಕ್ಟರು ನಿನಗೆ ಎಡಿಎಚ್‌ಡಿ, ಅಂದರೆ ಗಮನ ಹಿಡಿತಕ್ಕೆ ಸಿಗದ ತೊಂದರೆ, ಅಂದರೆಂದು ವೈನಿ, ನಿಮ್ಮವ್ವ, ಫೋನಿನಲ್ಲಿ ಹೇಳಿ ಅತ್ತರು. ಅಳುವಂಥದ್ದೇನೂ ಇಲ್ಲ. ಗುಳಿಗೆಯ ಮಾತು ಡಾಕ್ಟರಿಗೆ ಬಿಟ್ಟದ್ದು. ಕೆಲಸದ ವಾರ ಹೇಗೆ ಕಟ್ಟಿಕೊಳ್ಳಬೇಕು ಅನ್ನೋದಷ್ಟೇ ನಾನು ಬರೆಯುತ್ತೇನೆ.

ನಾನು ಉದ್ಯಮಬಾಗದಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಕೋಕ್ ಉರಿಸಿ ಕಬ್ಬಿಣ ಕರಗಿಸುವ ಕ್ಯುಪೋಲಾ ಭಟ್ಟಿ ಇತ್ತು. ಅದನ್ನು ದಿನಾ ಹಚ್ಚುತ್ತಿರಲಿಲ್ಲ. ಎರಡು-ಮೂರು ದಿನ ಬರೀ ಮೋಲ್ಡಿಂಗ್, ಅಂದರೆ ಉಸುಕಿನ ಅಚ್ಚು ಕಟ್ಟೋದು: ಉಸುಕು ಹದ ಮಾಡೋದು, ಮಾಲಿನ ಆಕಾರದ ಪ್ಯಾಟರ್ನ್ ಇಟ್ಟು ಬಡಿಯೋದು, ಒಳಗಿನ ಟೊಳ್ಳಿಗೆ ಕೋರ್ ಕೂಡಿಸೋದು, ಪೆಟ್ಟಿಗೆ ಮುಚ್ಚಿ ಸಾಲಾಗಿ ಇಡೋದು. ನೆಲವೆಲ್ಲ ತುಂಬಿದ ಮೇಲೆ ಭಟ್ಟಿ. ಕರಗಿದ ಬೀಡು ಕಬ್ಬಿಣ ಲ್ಯಾಡಲ್‌ಗೆ, ಅಂದರೆ ಹೊಯ್ಯುವ ಪಾತ್ರೆಗೆ, ಇಳಿಯತೊಡಗಿದರೆ ಮಾಲೀಕ ಬಂದರೂ ಬಾಗಿಲಲ್ಲೇ ನಿಲ್ಲಬೇಕು. ಹೊಯ್ಯುವವನ ಕೈ ನಡುವೆ ನಿಂತರೆ ಮೊದಲಿನ ಬೀಡು ಆರಿ, ಆಮೇಲೆ ಹೊಯ್ದದ್ದು ಅದಕ್ಕೆ ಬೆಸೆಯದೆ ಎರಕದಲ್ಲಿ ಗೆರೆ ಬೀಳುತ್ತದೆ. ಆ ಮಾಲು ನೇರ ಗುಜರಿಗೆ.

ನಿನ್ನ ತಲೆ ಕ್ಯುಪೋಲಾ ಜಾತಿಯದು. ಹತ್ತಿದರೆ ಊಟ ಮರೀತೀ, ಹತ್ತದಿದ್ದರೆ ಒಂದು ಮೇಲ್ ಬರೆಯೋಕೆ ಮಧ್ಯಾಹ್ನವಾಗುತ್ತದೆ. ನಿನಗೆ ಗಮನ ಇಲ್ಲ ಅಂತಲ್ಲ, ಬೇಕೆಂದಾಗ ಬೇಕಾದ ಕಡೆ ಅದು ತಿರುಗೋದಿಲ್ಲ. ದಿನಕ್ಕೆ ಎಂಟು ತಾಸು ಸಮನಾಗಿ ಹಂಚಿದ ವಾರ ನಿನಗೆ ಒಗ್ಗದು. ಮೀಟಿಂಗ್‌ಗಳನ್ನೆಲ್ಲ ಮಂಗಳವಾರ, ಗುರುವಾರಕ್ಕೆ ನೂಕು. ಹನ್ನೊಂದಕ್ಕೊಂದು ಮೀಟಿಂಗ್ ಇದೆ ಅಂದರೆ ಅದರ ಹಿಂದಿನ ಎರಡು ತಾಸೂ ನಿನ್ನ ಪಾಲಿಗೆ ಹೋದ ಹಾಗೆಯೇ. ಬುಧವಾರ, ಶುಕ್ರವಾರ ಮುಂಜಾನೆ ಭಟ್ಟಿ: ಒಂದೇ ಕೆಲಸ, ಫೋನು ಪಡಸಾಲೆಯಲ್ಲಿ. ಯಾವ ಫೈಲು, ಎಲ್ಲಿಂದ ಶುರು ಅನ್ನೋದನ್ನು ಹಿಂದಿನ ಸಂಜೆಯೇ ಚೀಟಿಯಲ್ಲಿ ಬರೆದಿಟ್ಟಿರಬೇಕು. ಮುಂಜಾನೆ ಎದ್ದು ಯೋಚಿಸಲು ಕೂತೆಯೋ, ಮುಗಿಯಿತು. ಬಿಲ್ಲು, ಫಾರ್ಮು, ಟೈಮ್‌ಶೀಟ್ ಸೋಮವಾರಕ್ಕೆ.

ಟೈಮರ್ ಇಟ್ಟು ಇಪ್ಪತ್ತೈದು ನಿಮಿಷ ಕೆಲಸ, ಆಮೇಲೆ ಸ್ವಲ್ಪ ವಿರಾಮ ಅನ್ನೋ ಪೊಮೊಡೊರೊ ಪದ್ಧತಿ ಬಗ್ಗೆ ಕೇಳಿದ್ದೆಯಲ್ಲ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಓದುವ ಹುಡುಗನಾಗಿದ್ದಾಗ, ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರುಮಾಡಿದ್ದು ಅದು. ಸೋಮವಾರದ ಬೇಸರದ ಕೆಲಸಕ್ಕೆ ಒಳ್ಳೆಯದು. ಬುಧವಾರ ಹಚ್ಚಬೇಡ, ಮೈಮರೆತಾಗ ಗಂಟೆ ಹೊಡೆದು ಎಬ್ಬಿಸುತ್ತದೆ. ಆ ದಿನ ಊಟಕ್ಕೊಂದು, ಸಂಜೆ ಏಳಲಿಕ್ಕೊಂದು ಅಲಾರಾಂ ಸಾಕು. ಇವೆರಡನ್ನು ಮಾತ್ರ ಬಿಡಬೇಡ. ಬುಧವಾರ ರಾತ್ರಿ ಎರಡರವರೆಗೆ ಕೂತರೆ ಗುರುವಾರ, ಶುಕ್ರವಾರ ಎರಡೂ ಹೋಗುತ್ತವೆ. ಶುರುವೇ ಆಗುತ್ತಿಲ್ಲವೆಂದರೆ ಗೆಳೆಯನಿಗೆ ವಿಡಿಯೊ ಕಾಲ್ ಹಚ್ಚಿ, ಇಬ್ಬರೂ ಮೈಕ್ ಮುಚ್ಚಿ ನಿಮ್ಮ ನಿಮ್ಮ ಕೆಲಸ ಮಾಡಿರಿ. ಎದುರಿಗೊಬ್ಬರು ಕೂತಿದ್ದರೆ ಕೆಲಸ ಸಾಗೋದು ಭಾಳ ಮಂದಿಯ ಅನುಭವ.

ಮ್ಯಾನೇಜರ್ ಹತ್ತಿರ ಮೊದಲೇ ರೋಗದ ಹೆಸರು ತೆಗೆಯಬೇಡ ಅಂತ ನನ್ನ ಅಭಿಪ್ರಾಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಅಂತ ಬೇರೆ ಹೆಸರಿಲ್ಲ. “ಎರಡು ಮುಂಜಾನೆ ಮೀಟಿಂಗ್ ಬ್ಯಾಡ, ಶುಕ್ರವಾರ ಸಂಜೀಕ ಕೆಲಸ ಒಪ್ಪಸ್ತೀನಿ” ಅನ್ನು. ಕೆಲಸ ಬಂದರೆ ಯಾರೂ ಬೇಡ ಅನ್ನರು.

ಮನೆಯಲ್ಲೇ ಕೂತು ಕೆಲಸ ಮಾಡುವವನಿಗೆ ಇನ್ನೊಂದು ತೊಡಕು. ವಿಜಯಪುರದಲ್ಲಿ ನಿಮ್ಮವ್ವ ತಾಸಿಗೊಮ್ಮೆ ಚಹಾ ತರುತ್ತಾರೆ, ಪ್ರೀತಿಯಿಂದಲೇ. ಬುಧವಾರ, ಶುಕ್ರವಾರ ಮಧ್ಯಾಹ್ನ ಒಂದು ಗಂಟೆಯವರೆಗೆ ಬಾಗಿಲು ಬಡಿಯಬಾರದು ಅಂತ ವೈನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ನೀನು ಹೇಳಿದರೆ ಸಿಟ್ಟಾದಾರು. ಥರ್ಮಾಸ್ ಒಂದು ತಗೊಂಡು ಇಟ್ಟುಕೋ.

ನಿನ್ನ ಕಾಕಾ